ಹಸಿವಿಗೂ ರುಚಿ ಗೊತ್ತು

(ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಕೆಲವು ಕಡೆ ಮಾತು ಎಲ್ಲೆಲ್ಲೋ ಹೋಗಿತ್ತು, ಅದನ್ನು ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಊಟದ ಹೊತ್ತಿಗೆ ಸರಿಯಾಗಿ ಊಟದ ಬಗ್ಗೆ ಮಾತಾಡಿ ಎಂದು ನನ್ನನ್ನು ನಿಲ್ಲಿಸಿದ್ದಾರೆ. ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ, ಬೇಗ ಶುರು ಮಾಡಬೇಕು.

ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎಂಬ ಗಾದೆ ನಿಮಗೆಲ್ಲ ಗೊತ್ತು. ಚಿಕ್ಕಂದಿನಲ್ಲಿ ತಟ್ಟೆ ಮುಂದೆ ಮುಖ ಸಿಂಡರಿಸಿದಾಗಲೆಲ್ಲ ಕೇಳಿದ ಮಾತು. ಇವತ್ತು ಈ ಗಾದೆಯ ಜೊತೆ ಸ್ವಲ್ಪ ಜಗಳ ಆಡೋಣ ಅಂತ ಬಂದಿದ್ದೇನೆ. ಜಗಳ ಮೊದಲ ಅರ್ಧದ ಜೊತೆ ಮಾತ್ರ. ನಿದ್ದೆಯ ವಿಷಯಕ್ಕೆ ನಾನು ಹೋಗುವುದಿಲ್ಲ.

2010ರ ಜನವರಿ 12ರಂದು ಹೈಟಿಯಲ್ಲಿ ದೊಡ್ಡ ಭೂಕಂಪವಾಯಿತು. ಆಮೇಲೆ ಅಲ್ಲಿಗೆ ಹೋದವರಲ್ಲಿ ಹೋಸೆ ಆಂಡ್ರೆಸ್ ಒಬ್ಬರು. ಸ್ಪೇನಿನಲ್ಲಿ ಹುಟ್ಟಿದ ಬಾಣಸಿಗ, ಅಮೆರಿಕದಲ್ಲಿ ರೆಸ್ಟೋರೆಂಟ್‌ಗಳನ್ನು ನಡೆಸಿ ಆಗಲೇ ಹೆಸರು ಮಾಡಿದ್ದವರು. ಒಂದು ಶಿಬಿರದಲ್ಲಿ ಅವರು ಕಪ್ಪು ಬೀನ್ಸ್ ಬೇಯಿಸಿದರು. ತಮಗೆ ಗೊತ್ತಿದ್ದ ರೀತಿಯಲ್ಲಿ, ಕಾಳು ಕಾಳಾಗಿ. ಜೊತೆಗಿದ್ದ ಅಲ್ಲಿನ ಹೆಂಗಸರು ನೋಡಿದರು. ನೋಡಿ, ನಯವಾಗಿಯೇ ಹೇಳಿದರು: ನಾವು ಇದನ್ನು ಹೀಗೆ ತಿನ್ನುವುದಿಲ್ಲ. ಕಾಳನ್ನು ಚೆನ್ನಾಗಿ ಮಸೆದು, ಸೋಸಿ, ಗಟ್ಟಿ ಸಾರಿನ ಹಾಗೆ ಮಾಡಬೇಕು.

ಯೋಚಿಸಿ. ಮನೆ ಬಿದ್ದಿದೆ. ಮೇಲೆ ಟಾರ್ಪಾಲು. ನಾಳೆ ಏನು ಎಂದು ಗೊತ್ತಿಲ್ಲ. ಆದರೂ ಕಾಳು ಹೇಗಿರಬೇಕು ಎಂಬುದು ಅವರಿಗೆ ಗೊತ್ತು, ಹೇಳುವ ಧೈರ್ಯವೂ ಇದೆ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎನ್ನುವವರಿಗೆ ಇಲ್ಲಿ ಸಿಟ್ಟು ಬರಬಹುದು. ಆಂಡ್ರೆಸ್‌ಗೆ ಬರಲಿಲ್ಲ. ಹೋಟೆಲಿನವರಿಗೆ ಇದರಿಂದೆಲ್ಲ ಸಿಟ್ಟು ಬರುವುದಿಲ್ಲ. ಉಪ್ಪು ಕಡಿಮೆ, ಖಾರ ಜಾಸ್ತಿ ಎಂದು ದಿನಕ್ಕೆ ಇಪ್ಪತ್ತು ಸಲ ಕೇಳಿಸಿಕೊಳ್ಳುವುದೇ ಅವರ ಹೊಟ್ಟೆಪಾಡು. ಅವರು ಆ ಹೆಂಗಸರು ಹೇಳಿದ ಹಾಗೆ ಮಾಡಿದರು. ಅದೇ ವರ್ಷ ವರ್ಲ್ಡ್ ಸೆಂಟ್ರಲ್ ಕಿಚನ್ ಎಂಬ ಸಂಸ್ಥೆ ಕಟ್ಟಿದರು.

ನಾನು ಹೇಳಬೇಕಾದ ಮಾತು ಈ ಕತೆಯೊಳಗೇ ಇದೆ. ಎದುರಿಗೆ ಬಂದ ಹಸಿದವರನ್ನು ಗಿರಾಕಿ ಎಂದು ನೋಡುವುದು ಹೋಟೆಲಿನವರಿಗೆ ಗೊತ್ತು. ಎದುರಿಗೆ ಬಾರದ ಹಸಿದವರು ಯಾವ ಮನೆಯಲ್ಲಿದ್ದಾರೆ ಎಂಬುದು ಸೇವಾ ಸಂಸ್ಥೆಗಳಿಗೆ ಗೊತ್ತು. ಕಷ್ಟದ ಕಾಲದಲ್ಲಿ ಈ ಎರಡೂ ತಿಳಿವಳಿಕೆ ಒಂದೇ ಒಲೆಯ ಮುಂದೆ ಸೇರಬೇಕು. ಸೇರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಬೇಕಾದಷ್ಟು ಉದಾಹರಣೆ ಇದೆ.

ನಾನು ಅಡುಗೆ ಕಸುಬಿನವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಒಂದು ನೆರೆಯ ಹೊತ್ತಿನಲ್ಲಿ ಕೆಲವು ವಾರ ಹೋಟೆಲ್ ಅಡುಗೆಮನೆಯೊಂದರಲ್ಲಿ ಊಟ ಪ್ಯಾಕ್ ಮಾಡಿದವಳು, ಅಷ್ಟೇ. ಅಲ್ಲಿ ಮಾಡಿದ ಒಂದು ತಪ್ಪಿನ ಕತೆ ಆಮೇಲೆ ಹೇಳುತ್ತೇನೆ.

ಅಮೆರಿಕದಲ್ಲಿ ವಾಫಲ್ ಹೌಸ್ ಎಂಬ ಹೋಟೆಲುಗಳ ಸರಪಳಿ ಇದೆ. ಹಗಲೂ ರಾತ್ರಿ ತೆರೆದಿರುವ, ಸಾಮಾನ್ಯ ಜನ ಹೋಗುವ ಹೋಟೆಲು. ಚಂಡಮಾರುತ ಜಾಸ್ತಿ ಬರುವ ದಕ್ಷಿಣದ ರಾಜ್ಯಗಳಲ್ಲೇ ಇವರ ಅಂಗಡಿಗಳು ಹೆಚ್ಚು. ಅಲ್ಲಿ ವಿಪತ್ತು ನಿರ್ವಹಣೆಯ ದೊಡ್ಡ ಅಧಿಕಾರಿಯಾಗಿದ್ದ ಕ್ರೇಗ್ ಫ್ಯೂಗೇಟ್ ಒಂದು ವಿಚಿತ್ರ ಅಳತೆಗೋಲು ಬಳಸುತ್ತಿದ್ದರು. ಬಿರುಗಾಳಿ ಹೊಡೆದ ಊರಿನಲ್ಲಿ ವಾಫಲ್ ಹೌಸ್‌ನಲ್ಲಿ ಎಲ್ಲ ತಿಂಡಿಯೂ ಸಿಗುತ್ತಿದ್ದರೆ ಹಸಿರು. ಕೆಲವೇ ತಿಂಡಿ ಇದ್ದರೆ ಹಳದಿ. ಬಾಗಿಲು ಮುಚ್ಚಿದ್ದರೆ ಕೆಂಪು, ಅಂದರೆ ಅಲ್ಲಿ ಪರಿಸ್ಥಿತಿ ತುಂಬಾ ಕೆಟ್ಟಿದೆ ಎಂದರ್ಥ. 2011ರ ಮೇ ತಿಂಗಳಲ್ಲಿ ಜಾಪ್ಲಿನ್ ಎಂಬ ಊರನ್ನು ಸುಂಟರಗಾಳಿ ಸೀಳಿಕೊಂಡು ಹೋದ ಮೇಲೆ ಈ ಮಾತು ಎಲ್ಲರ ಬಾಯಲ್ಲೂ ಬಂತು. ಅಲ್ಲಿನ ಎರಡೂ ವಾಫಲ್ ಹೌಸ್ ತೆರೆದೇ ಇದ್ದವು.

ನಗು ಬರುತ್ತದೆ, ಅಲ್ವಾ? ಆದರೆ ಒಳಗಿನ ತರ್ಕ ಗಟ್ಟಿ ಇದೆ. ಒಂದು ಹೋಟೆಲ್ ತೆರೆದಿದೆ ಎಂದರೆ ನೀರು ಬರುತ್ತಿದೆ, ಗ್ಯಾಸ್ ಇದೆ, ದಿನಸಿಯ ಲಾರಿ ಬಂದಿದೆ, ಕೆಲಸದವರು ಮನೆಯಿಂದ ಬರುವಷ್ಟು ರಸ್ತೆ ಇದೆ ಎಂದಾಯಿತು. ಇಷ್ಟನ್ನೂ ಸರ್ಕಾರಿ ವರದಿ ಹೇಳಬೇಕಾದರೆ ಎರಡು ದಿನ ಬೇಕು. ಹಳದಿ ಬಣ್ಣವನ್ನು ಸ್ವಲ್ಪ ಗಮನಿಸಿ. ಕರೆಂಟ್ ಇಲ್ಲದಿದ್ದರೆ ಏನು ಮಾಡುವುದು, ಗ್ಯಾಸ್ ಮಾತ್ರ ಇದ್ದರೆ ಯಾವ ತಿಂಡಿ ಮಾಡುವುದು ಎಂದು ಅವರು ಮೊದಲೇ ಪಟ್ಟಿ ಮಾಡಿಟ್ಟಿರುತ್ತಾರೆ. ಕಷ್ಟಕಾಲದ ಅಡುಗೆಯ ಗುಟ್ಟು ಅರ್ಧ ಇದರಲ್ಲೇ ಇದೆ. ನಲವತ್ತು ಬಗೆಯ ತಿಂಡಿ ಮಾಡುವ ಅಡುಗೆಮನೆ ಒಂದೇ ಬಗೆಗೆ ಇಳಿದರೆ, ಅದೇ ಜನ, ಅದೇ ಒಲೆ, ಎಷ್ಟೋ ಪಟ್ಟು ಹೆಚ್ಚು ಜನಕ್ಕೆ ಊಟ ತೆಗೆಯಬಹುದು.

ಈಗ ಪೋರ್ಟೊರಿಕೊಗೆ ಬನ್ನಿ, ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ದ್ವೀಪ. 2017ರ ಸೆಪ್ಟೆಂಬರ್ 20ರಂದು ಮರಿಯಾ ಚಂಡಮಾರುತ ಇಡೀ ದ್ವೀಪದ ಮೇಲೆ ಹಾದುಹೋಯಿತು. ದ್ವೀಪದ ಉದ್ದಕ್ಕೂ ಕರೆಂಟ್ ಹೋಯಿತು. ಕೆಲವೇ ದಿನಗಳಲ್ಲಿ ಆಂಡ್ರೆಸ್ ಅಲ್ಲಿಗೆ ಹೋದರು. ಸಾನ್ ವಾನ್ ನಗರದಲ್ಲಿ ಗೆಳೆಯನ ರೆಸ್ಟೋರೆಂಟ್ ಒಂದಿತ್ತು. ಅಲ್ಲಿನ ಒಲೆಯಲ್ಲೇ ಅಡುಗೆ ಶುರುವಾಯಿತು. ಜಾಗ ಸಾಲದಾದಾಗ ನಗರದ ದೊಡ್ಡ ಒಳಾಂಗಣ ಕ್ರೀಡಾಂಗಣದ ಅಡುಗೆಮನೆಗೆ ಹೋದರು. ಆಮೇಲೆ ಬೇರೆ ಊರುಗಳ ರೆಸ್ಟೋರೆಂಟ್‌ಗಳು, ಶಾಲೆಯ ಅಡುಗೆಮನೆಗಳು, ರಸ್ತೆಬದಿ ತಿಂಡಿ ಗಾಡಿಗಳು ಸೇರಿಕೊಂಡವು. ಮೂವತ್ತು ಲಕ್ಷಕ್ಕೂ ಹೆಚ್ಚು ಊಟ ಹೊರಬಿತ್ತು. ಹೊಸದಾಗಿ ಏನನ್ನೂ ಕಟ್ಟಲಿಲ್ಲ. ಇದ್ದ ಒಲೆಗಳನ್ನು ಹುಡುಕಿ ಹಚ್ಚಿದರು.

ಅದೇ ಹೊತ್ತಿಗೆ ಇನ್ನೊಂದು ಕಡೆ ಏನಾಗುತ್ತಿತ್ತು? ಅಮೆರಿಕದ ವಿಪತ್ತು ಇಲಾಖೆ 3 ಕೋಟಿ ಊಟ ಒದಗಿಸಲು ಒಂದು ಕಂಪನಿಗೆ 15.6 ಕೋಟಿ ಡಾಲರ್‌ ಗುತ್ತಿಗೆ ಕೊಟ್ಟಿತು. ಅದು ಒಬ್ಬರೇ ನಡೆಸುತ್ತಿದ್ದ ಕಂಪನಿ. ಇಷ್ಟು ದೊಡ್ಡ ಪ್ರಮಾಣದಲ್ಲಿ ಊಟ ಒದಗಿಸಿದ ಅನುಭವ ಅದಕ್ಕಿರಲಿಲ್ಲ. ಕೊನೆಗೆ ತಲುಪಿದ್ದು ಸುಮಾರು 50 ಸಾವಿರ ಊಟ. ತಾನೇ ಬಿಸಿಯಾಗುವ ಊಟದ ಪೊಟ್ಟಣ ಬೇಕೆಂದು ಕೇಳಿದ್ದರು. ಬಂದದ್ದರಲ್ಲಿ ಊಟ ಬೇರೆ, ಬಿಸಿ ಮಾಡುವ ಚೀಲ ಬೇರೆ ಇತ್ತು. ಗುತ್ತಿಗೆ ರದ್ದಾಯಿತು. ಇದನ್ನು ಭ್ರಷ್ಟಾಚಾರದ ಕತೆ ಎಂದು ನಾನು ಹೇಳುತ್ತಿಲ್ಲ. ಕಾಗದದ ಮೇಲೆ ಊಟ ಎಂದರೆ ಒಂದು ಸಂಖ್ಯೆ. ಬಡಿಸಿ ಗೊತ್ತಿದ್ದವರಿಗೆ ಅದು ಬಿಸಿ ಇರಬೇಕಾದ ವಸ್ತು.

ಇಷ್ಟು ಹೇಳಿದರೆ ನಾನು ಬಾಣಸಿಗರ ಭಕ್ತಳು ಎಂದುಕೊಳ್ಳುತ್ತೀರಿ. ಹಾಗಾಗಿ ಬಾಣಸಿಗರು ಎಡವಿದ ಕತೆಯನ್ನೂ ಹೇಳಬೇಕು. ಇದಕ್ಕೆ ನೂರೆಂಬತ್ತು ವರ್ಷ ಹಿಂದೆ ಹೋಗಬೇಕು.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಂತು. ಬಡವರ ಊಟವೇ ಆಲೂಗಡ್ಡೆ ಆಗಿದ್ದ ದೇಶ ಅದು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಮೊದಲು ಸರ್ಕಾರ ಹಸಿದವರಿಂದ ರಸ್ತೆ ಕೆಲಸ ಮಾಡಿಸಿ ಕೂಲಿ ಕೊಡುತ್ತಿತ್ತು. ನಿಲ್ಲಲೂ ಆಗದವರು ಕಲ್ಲು ಒಡೆಯಬೇಕು, ಆ ಕೂಲಿಯಲ್ಲಿ ಏರಿದ ಬೆಲೆಗೆ ಧಾನ್ಯ ಕೊಳ್ಳಬೇಕು. ಅದು ನಡೆಯಲಿಲ್ಲ. ಆಗ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು ತಾವೇ ಸೂಪಿನ ಹಂಡೆ ಇಟ್ಟರು. ಯಾರು, ಯಾವ ಮತ ಎಂದು ಕೇಳದೆ ಬಡಿಸಿದರು. ಅದನ್ನು ನೋಡಿ ಸರ್ಕಾರವೂ 1847ರ ಶುರುವಿನಲ್ಲಿ ಸೂಪು ಹಂಚುವ ಕಾನೂನು ಮಾಡಿತು.

ಆ ಹೊತ್ತಿಗೆ ಅಲೆಕ್ಸಿಸ್ ಸೊಯೆ ಡಬ್ಲಿನ್‌ಗೆ ಬಂದರು. ಲಂಡನ್ನಿನ ರಿಫಾರ್ಮ್ ಕ್ಲಬ್‌ನಲ್ಲಿ ಸಿರಿವಂತರಿಗೆ ಅಡುಗೆ ಮಾಡುತ್ತಿದ್ದ ಫ್ರೆಂಚ್ ಬಾಣಸಿಗ. ಒಲೆ, ಪಾತ್ರೆ, ಉಗಿ ಎಂದರೆ ಅವರಿಗೆ ಹುಚ್ಚು. 1847ರ ಏಪ್ರಿಲ್‌ನಲ್ಲಿ ಡಬ್ಲಿನ್ನಿನಲ್ಲಿ ಒಂದು ಮಾದರಿ ಅಡುಗೆಮನೆ ತೆರೆದರು. ಮಧ್ಯದಲ್ಲಿ ದೊಡ್ಡ ಹಂಡೆ. ಸುತ್ತ ಉದ್ದ ಮೇಜು. ಮೇಜಿನಲ್ಲಿ ಬಟ್ಟಲುಗಳು, ಪ್ರತಿ ಬಟ್ಟಲಿಗೂ ಒಂದು ಚಮಚ. ಆ ಚಮಚಕ್ಕೆ ಸರಪಳಿ. ಗಂಟೆ ಹೊಡೆದರೆ ನೂರು ಜನ ಒಳಗೆ. ಬೇಗ ಕುಡಿಯಬೇಕು. ಮತ್ತೆ ಗಂಟೆ ಹೊಡೆದರೆ ಹೊರಗೆ. ಬಟ್ಟಲು ಒರೆಸಿ ಮುಂದಿನ ನೂರು ಜನ.

ಇಂಜಿನಿಯರ್ ಕಣ್ಣಿನಿಂದ ನೋಡಿದರೆ ಅದ್ಭುತ. ದಿನಕ್ಕೆ ಸಾವಿರಾರು ಜನಕ್ಕೆ ಬಿಸಿ ಸೂಪು. ಇವತ್ತಿನ ಎಷ್ಟೋ ಸಾಮೂಹಿಕ ಅಡುಗೆಮನೆಗಳ ಮೂಲ ನಕ್ಷೆ ಅಲ್ಲೇ ಇದೆ. ಆದರೆ ಆ ಸರಪಳಿಯನ್ನು ನೋಡಿ. ಲಂಡನ್ನಿನ ಕ್ಲಬ್ಬಿನಲ್ಲಿ ಸೊಯೆ ಯಾವ ಗಿರಾಕಿಯ ಚಮಚಕ್ಕಾದರೂ ಸರಪಳಿ ಕಟ್ಟುತ್ತಿದ್ದರಾ? ಶುರುವಿನ ದಿನ ಊರಿನ ದೊಡ್ಡವರು ಬಂದು ಐದೈದು ಶಿಲಿಂಗ್ ದಾನ ಕೊಟ್ಟು ಬಡವರು ಕುಡಿಯುವುದನ್ನು ನಿಂತು ನೋಡಿದರು. ಸೂಪಿನಲ್ಲಿ ಸತ್ವವೇ ಇಲ್ಲ ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಬೈಯಿತು. ಅದೇ ಕಾಲದಲ್ಲಿ ಇನ್ನು ಕೆಲವರು ಮತ ಬದಲಿಸಿದರೆ ಮಾತ್ರ ಸೂಪು ಎಂದರು. ಆ ನೋವು ಅಲ್ಲಿ ಇನ್ನೂ ಆರಿಲ್ಲ. ಸ್ವಂತದವರನ್ನು ಬಿಟ್ಟುಕೊಟ್ಟವನನ್ನು ಐರ್ಲೆಂಡಿನಲ್ಲಿ ಇವತ್ತಿಗೂ ‘ಸೂಪು ತೆಗೆದುಕೊಂಡವನು’ ಎಂದು ಹಂಗಿಸುತ್ತಾರೆ.

ಸೊಯೆ ಕೆಟ್ಟ ಮನುಷ್ಯ ಅಲ್ಲ. ಆಮೇಲೆ ಕ್ರಿಮಿಯಾ ಯುದ್ಧಕ್ಕೆ ಹೋಗಿ ಸೈನಿಕರ ಊಟ ಸುಧಾರಿಸಿದರು. ಅವರು ಮಾಡಿದ ಒಲೆಯನ್ನು ಬ್ರಿಟಿಷ್ ಸೇನೆ ನೂರು ವರ್ಷಕ್ಕೂ ಹೆಚ್ಚು ಕಾಲ ಬಳಸಿತು. ನನ್ನ ತಕರಾರು ಒಂದೇ. ಡಬ್ಲಿನ್‌ನಲ್ಲಿ ಅವರು ಒಲೆಯನ್ನು ಮಾತ್ರ ತಂದರು. ಗಿರಾಕಿಯ ಮುಖ ನೋಡುವ ಅಭ್ಯಾಸವನ್ನು ಲಂಡನ್‌ನಲ್ಲೇ ಬಿಟ್ಟು ಬಂದರು.

ಇದಕ್ಕೆ ಎದುರಾಗಿ ಒಂದು ಸಣ್ಣ ಕತೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಬ್ರಿಟನ್ನಿನಲ್ಲಿ ಬಹಳ ಜನರ ಮನೆ, ಅಡುಗೆಮನೆ ಹೋದವು. ಸರ್ಕಾರ ಕಡಿಮೆ ಬೆಲೆಗೆ ಊಟ ಕೊಡುವ ಜಾಗಗಳನ್ನು ಶುರು ಮಾಡಿತು. ಅದಕ್ಕಿಟ್ಟ ಹೆಸರು ಸಾಮೂಹಿಕ ಊಟದ ಕೇಂದ್ರ ಎಂಬ ಅರ್ಥದ್ದು. 1941ರಲ್ಲಿ ಚರ್ಚಿಲ್ ಆಹಾರ ಮಂತ್ರಿಗೆ ಒಂದು ಚೀಟಿ ಬರೆದರು. ಈ ಹೆಸರು ಅಸಹ್ಯವಾಗಿದೆ, ಬಡವರನ್ನು ದುಡಿಸಿಕೊಂಡು ಸಾಕುವ ಸರ್ಕಾರಿ ಮನೆಯ ವಾಸನೆ ಬರುತ್ತದೆ, ಬ್ರಿಟಿಷ್ ರೆಸ್ಟೋರೆಂಟ್ ಎಂದು ಕರೆಯಿರಿ, ರೆಸ್ಟೋರೆಂಟ್ ಎಂದರೆ ಜನಕ್ಕೆ ಒಳ್ಳೆಯ ಊಟ ನೆನಪಾಗುತ್ತದೆ, ಬೇರೇನೂ ಸಿಗದಿದ್ದರೆ ಹೆಸರಾದರೂ ಸಿಗಲಿ ಎಂಬ ಅರ್ಥದಲ್ಲಿ. ಚರ್ಚಿಲ್ ಬಗ್ಗೆ, ಅದರಲ್ಲೂ ಹಸಿವಿನ ವಿಷಯದಲ್ಲಿ, ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. 1943ರ ಬಂಗಾಳದ ಬರ ನೆನಪಿರುವ ಯಾರಿಗೂ ಇರಲಾರದು. ಆದರೆ ಈ ಚೀಟಿಯ ಮಟ್ಟಿಗೆ ಅವರು ಹೇಳಿದ್ದು ಸರಿ. 1943ರ ಹೊತ್ತಿಗೆ ಅಂಥ 2,100ಕ್ಕೂ ಹೆಚ್ಚು ರೆಸ್ಟೋರೆಂಟ್‌ಗಳಿದ್ದವು. ದಿನಕ್ಕೆ ಸುಮಾರು 6 ಲಕ್ಷ ಊಟ. ಒಂಬತ್ತು ಪೆನ್ಸ್ ಕೊಟ್ಟು ತಿನ್ನುತ್ತಿದ್ದರು, ಹಾಗಾಗಿ ತಲೆ ತಗ್ಗಿಸಬೇಕಾಗಿರಲಿಲ್ಲ. ನಮ್ಮ ಭಾಷೆಯಲ್ಲಿ ಇಂಥ ಜಾಗಕ್ಕೆ ಗಂಜಿ ಕೇಂದ್ರ ಅನ್ನುತ್ತೇವೆ. ಗಂಜಿ ಒಳ್ಳೆಯದೇ. ಆದರೆ ಆ ಹೆಸರಿನ ಬೋರ್ಡಿನ ಕೆಳಗೆ ನಿಲ್ಲುವುದು ನಿಮಗೆ ಹೇಗನ್ನಿಸುತ್ತದೆ, ಒಂದು ಸಲ ಯೋಚಿಸಿ.

ಸರಿ, ನನ್ನ ತಪ್ಪಿನ ಕತೆ.

ನೆರೆಯ ಮೂರನೇ ದಿನ. ಬೆಳಿಗ್ಗೆ ಒಂಬತ್ತಕ್ಕೇ ಅನ್ನ ಆಗಿತ್ತು. ಬಿಸಿ ಬಿಸಿ ಅನ್ನವನ್ನು ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಒಂದರ ಮೇಲೊಂದು ಜೋಡಿಸಿದ್ದೆ. ಗೋಪುರದ ಹಾಗೆ ಕಾಣುತ್ತಿತ್ತು, ಖುಷಿಯಾಯಿತು. ಹನ್ನೊಂದಕ್ಕೆ ಬರಬೇಕಾದ ವ್ಯಾನು ಒಂದೂವರೆಗೆ ಬಂತು. ದಾರಿಯಲ್ಲಿ ಸೇತುವೆ ಮುಳುಗಿತ್ತು, ಸುತ್ತಿಕೊಂಡು ಹೋಗಬೇಕಾಯಿತು. ಮೂರು ಗಂಟೆಗೆ ಮೊದಲ ಡಬ್ಬಿ ತೆಗೆದಾಗ ಹುಳಿ ವಾಸನೆ. ನೂರಾರು ಡಬ್ಬಿ ಹಾಗೇ ಸುರಿದೆವು. ಹಸಿದವರ ಕಣ್ಣೆದುರಿಗೇ. ಹೋಟೆಲಿನ ಹಿರಿಯ ಅಡುಗೆಯವರು ನನ್ನನ್ನು ಬೈಯಲಿಲ್ಲ. “ಅಕ್ಕಾ, ನಾಳೆಯಿಂದ ವ್ಯಾನು ಬಂದ ಮೇಲೆ ಅಕ್ಕಿ ಹಾಕೋಣ” ಎಂದರು, ಅಷ್ಟೇ.

ಆ ಒಂದು ಮಾತಿನಲ್ಲಿ ಇಡೀ ವಿಜ್ಞಾನ ಇದೆ. ಬೇಯಿಸಿದ ಊಟ 60 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವೆ ಇದ್ದರೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಎರಡು ಗಂಟೆಗಿಂತ ಹೆಚ್ಚು ಹಾಗೆ ಹೊರಗಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನ್ನದ ವಿಷಯದಲ್ಲಿ ಇನ್ನೂ ಒಂದು ಕಿರಿಕಿರಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಇದ್ದಾಗ ಎದ್ದು ಕೂತು ವಿಷ ಮಾಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಶೌಚಾಲಯವೇ ಸರಿ ಇಲ್ಲದ ಶಿಬಿರದಲ್ಲಿ ಐನೂರು ಜನಕ್ಕೆ ವಾಂತಿ ಭೇದಿ ಶುರುವಾದರೆ ಹಸಿವೇ ವಾಸಿಯಿತ್ತು ಅನ್ನಿಸುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಮನೆ ಅಡುಗೆಯನ್ನು ರಾಶಿ ರಾಶಿ ಸಂಗ್ರಹಿಸಿ ಹಂಚುವಾಗ ನನಗೆ ಭಯವಾಗುವುದು ಇದಕ್ಕೇ.

ಇದಕ್ಕಿಂತ ದೊಡ್ಡ ಅಪಾಯವೂ ಇದೆ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೈನಿಕರು ಬೆರ್ಗೆನ್-ಬೆಲ್ಸೆನ್ ಎಂಬ ನಾಜಿ ಶಿಬಿರವನ್ನು ಬಿಡುಗಡೆ ಮಾಡಿದರು. ಮೂಳೆ ಚಕ್ಕಳವಾಗಿದ್ದವರನ್ನು ನೋಡಿ ಕರುಳು ಚುರುಕ್ ಎಂದು ತಮ್ಮದೇ ರೇಷನ್ ಕೊಟ್ಟರು. ಕೊಬ್ಬು, ಡಬ್ಬಿಯ ಮಾಂಸ. ಅದನ್ನು ತಿಂದು ಅನೇಕರು ಸತ್ತರು. ತುಂಬಾ ದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಊಟ ಬಿದ್ದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯ ನಿಲ್ಲಬಹುದು. ಆಮೇಲೆ ಅಲ್ಲಿ ಬಳಸಿ ನೋಡಿದ್ದು ಬಂಗಾಳದ ಬರದಲ್ಲಿ ಕೊಟ್ಟಿದ್ದ ಅಕ್ಕಿ ಸಕ್ಕರೆಯ ಮಿಶ್ರಣವನ್ನು. ಅದು ವಿಪರೀತ ಸಿಹಿ ಎಂದು ಬಹಳ ಜನ ಮುಟ್ಟಲಿಲ್ಲ. ಸಾವಿನ ಬಾಯಿಯಲ್ಲಿದ್ದವರೂ ಇದು ನಮ್ಮ ಊಟ ಅಲ್ಲ ಎಂದರು. ಗಾದೆಯ ಜೊತೆ ನಾನು ಜಗಳಕ್ಕೆ ನಿಂತಿದ್ದು ಸುಮ್ನೆ ಅಲ್ಲ.

ಈಗ ದುಡ್ಡಿನ ಮಾತು. ಇಲ್ಲಿ ಹೋಟೆಲ್ ನಡೆಸುವವರು ಕೆಲವರಿದ್ದೀರಿ, ಕಿವಿ ನೆಟ್ಟಗಾಗಿರಬೇಕು.

ಕಷ್ಟಕಾಲದಲ್ಲಿ ಹೋಟೆಲಿನವರು ಪುಕ್ಕಟೆ ಕೊಡಬೇಕು ಎಂದು ಎಲ್ಲರೂ ನಿರೀಕ್ಷಿಸುತ್ತಾರೆ. ಮೊದಲ ಮೂರು ದಿನ ಕೊಡುತ್ತಾರೆ ಕೂಡ. ಫ್ರಿಜ್ಜಿನಲ್ಲಿರುವುದು ಹೇಗೂ ಕೆಡುತ್ತದೆ. ನಾಲ್ಕನೇ ದಿನ ದಿನಸಿ ಕೊಳ್ಳಬೇಕು. ಹತ್ತನೇ ದಿನ ಸಂಬಳ ಕೊಡಬೇಕು. ಅಷ್ಟು ಹೊತ್ತಿಗೆ ಅವರ ಕೆಲಸದವರ ಮನೆಯೇ ನೀರಿನಲ್ಲಿರುತ್ತದೆ. 2020ರಲ್ಲಿ ಕೊರೊನಾ ಬಂದಾಗ ಇದು ಎಲ್ಲರಿಗೂ ಕಣ್ಣಿಗೆ ಹೊಡೆದ ಹಾಗೆ ಕಂಡಿತು. ಒಂದು ಕಡೆ ಮುಚ್ಚಿದ ರೆಸ್ಟೋರೆಂಟ್‌ಗಳು, ಕೆಲಸ ಹೋದ ಅಡುಗೆಯವರು. ಇನ್ನೊಂದು ಕಡೆ ಊಟವಿಲ್ಲದ ಮನೆಗಳು. ವರ್ಲ್ಡ್ ಸೆಂಟ್ರಲ್ ಕಿಚನ್ ಆಗ ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೆಸ್ಟೋರೆಂಟ್‌ಗಳಿಗೆ ಊಟಕ್ಕೆ ಇಷ್ಟು ಎಂದು ದುಡ್ಡು ಕೊಟ್ಟು ಅಡುಗೆ ಮಾಡಿಸಿತು. ನ್ಯೂಯಾರ್ಕಿನ ಇಲೆವೆನ್ ಮ್ಯಾಡಿಸನ್ ಪಾರ್ಕ್, ಮೂರು ಮಿಶೆಲಿನ್ ನಕ್ಷತ್ರದ ದುಬಾರಿ ರೆಸ್ಟೋರೆಂಟ್, ರಿಥಿಂಕ್ ಫುಡ್ ಎಂಬ ಸೇವಾ ಸಂಸ್ಥೆಯ ಜೊತೆ ಸೇರಿ ಹಸಿದವರಿಗೆ ಅಡುಗೆ ಮಾಡುವ ಮನೆಯಾಯಿತು. ಒಂದೇ ದುಡ್ಡು ಎಷ್ಟು ಕೈ ದಾಟುತ್ತದೆ ನೋಡಿ. ಊಟ ತಿಂದವರಿಗೆ ಹೊಟ್ಟೆ ತುಂಬಿತು. ಅಡುಗೆಯವರಿಗೆ ಸಂಬಳ ಬಂತು. ತರಕಾರಿ ಮಾರುವವರಿಗೆ ವ್ಯಾಪಾರ ಆಯಿತು. ರೆಸ್ಟೋರೆಂಟ್ ಉಳಿಯಿತು, ಅಂದರೆ ಮುಂದಿನ ಕಷ್ಟಕ್ಕೆ ಒಂದು ಒಲೆ ಉಳಿಯಿತು.

ಇದರ ಉಲ್ಟಾ ಕೂಡ ಆಗುತ್ತದೆ. ಹೊರಗಿನಿಂದ ತಿಂಗಳುಗಟ್ಟಲೆ ಪುಕ್ಕಟೆ ಊಟ ಬರುತ್ತಲೇ ಇದ್ದರೆ, ಆಗಷ್ಟೇ ಬಾಗಿಲು ತೆಗೆದ ಬಡ ತಿಂಡಿ ಅಂಗಡಿಗೆ ಯಾರು ಹೋಗುತ್ತಾರೆ? ಅದಕ್ಕೇ ಊಟವನ್ನು ಆ ಅಂಗಡಿಯಿಂದಲೇ ಕೊಳ್ಳಿ ಎನ್ನುವುದು.

ಒಂದು ಅಡ್ಡ ಮಾತು. ಊಟ ಹಾಕುವವರೆಲ್ಲ ಸಂತರಲ್ಲ. 1930ರ ಸುಮಾರಿಗೆ ಷಿಕಾಗೋದಲ್ಲಿ ಕೆಲಸವಿಲ್ಲದವರಿಗೆ ಪುಕ್ಕಟೆ ಸೂಪು ಕೊಡುತ್ತಿದ್ದ ಒಂದು ಅಡುಗೆಮನೆ ಅಲ್ ಕಪೋನ್‌ನದು, ಆ ಕಾಲದ ದೊಡ್ಡ ಗೂಂಡಾ. 1995ರಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪವಾದಾಗ ಬೇಗನೆ ಊಟ, ನೀರು ಹಂಚಿದವರಲ್ಲಿ ಯಾಕುಜಾ ಗ್ಯಾಂಗಿನವರೂ ಇದ್ದರು. ಹಸಿವು ಇರುವ ಕಡೆ ಜಾಗ ಖಾಲಿ ಬಿಟ್ಟರೆ ಯಾರಾದರೂ ಬಂದು ತುಂಬುತ್ತಾರೆ.

ಸೇವಾ ಸಂಸ್ಥೆಗಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಹೋಟೆಲಿನವರನ್ನೇ ಹೊಗಳಿದೆ.

ಹೋಟೆಲಿಗೆ ಒಂದು ಕುರುಡು ಇದೆ. ಬಾಗಿಲಿಗೆ ಬಂದವರು ಮಾತ್ರ ಅದಕ್ಕೆ ಕಾಣುತ್ತಾರೆ. ಸಾಲಿನಲ್ಲಿ ನಿಲ್ಲಲು ಆಗದ ಮುದುಕರು, ಮಂಚದಿಂದ ಏಳದವರು, ಮಗು ಬಿಟ್ಟು ಬರಲಾಗದ ತಾಯಿ, ಕಾಗದಪತ್ರ ಇಲ್ಲದೆ ಪೊಲೀಸರಿಗೆ ಹೆದರುವವರು, ನಾಚಿಕೆಯವರು. ನಾಚಿಕೆಯವರೇ ಜಾಸ್ತಿ. ಅವರ ವಿಳಾಸ ಇರುವುದು ವರ್ಷಗಟ್ಟಲೆ ಆ ಬೀದಿಗಳಲ್ಲಿ ನಡೆದಾಡಿದ ಸಂಸ್ಥೆಯ ಹತ್ತಿರ.

2020ರ ಡಿಸೆಂಬರಿನಲ್ಲಿ ಹೊಸ ಕೊರೊನಾ ತಳಿಯ ಭಯದಿಂದ ಫ್ರಾನ್ಸ್ ಗಡಿ ಮುಚ್ಚಿತು. ಇಂಗ್ಲೆಂಡಿನ ಕೆಂಟ್ ಪ್ರದೇಶದಲ್ಲಿ ಸಾವಿರಾರು ಲಾರಿ ಡ್ರೈವರುಗಳು ಕ್ರಿಸ್‌ಮಸ್ ಹೊತ್ತಿನಲ್ಲಿ ರಸ್ತೆ ಮೇಲೆ ಸಿಕ್ಕಿಕೊಂಡರು. ಅವರಿಗೆ ಬಿಸಿ ಊಟ ತಂದುಕೊಟ್ಟವರಲ್ಲಿ ಮೊದಲಿಗರು ಖಾಲ್ಸಾ ಏಡ್ ಎಂಬ ಸಿಖ್ ಸಂಸ್ಥೆಯವರು. ಅಡುಗೆ ಆದದ್ದು ಗ್ರೇವ್ಸೆಂಡ್‌ನ ಗುರುದ್ವಾರದಲ್ಲಿ. ಅಷ್ಟು ಬೇಗ ಹೇಗೆ ಆಯಿತು? ಗುರುದ್ವಾರದ ಒಲೆ ಆರುವುದೇ ಇಲ್ಲ. ಬಂದವರಿಗೆಲ್ಲ ಪುಕ್ಕಟೆ ಊಟ ಹಾಕುವ ಲಂಗರ್ ದಿನವೂ ಇರುತ್ತದೆ. ಪಾತ್ರೆ, ದಿನಸಿ, ಕೈ ಪಳಗಿದ ಜನ, ಎಲ್ಲ ಇದೆ. ಮಾಮೂಲಿ ದಿನದ ಅಭ್ಯಾಸವೇ ಕಷ್ಟದ ದಿನಕ್ಕೆ ಒದಗಿತು.

ಇನ್ನೊಂದು ನನಗೆ ಬಹಳ ಇಷ್ಟವಾದದ್ದು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಎಂಬ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಉಳಿದವರನ್ನು ಹೋಟೆಲ್ ರೂಮುಗಳಲ್ಲಿ ಇರಿಸಿದರು. ಊಟ ಬಂತು, ಬಟ್ಟೆ ಬಂತು. ಆದರೆ ಅಲ್ಲಿನ ಕೆಲವು ಹೆಂಗಸರಿಗೆ ಬೇಕಾಗಿದ್ದು ಒಂದು ಅಡುಗೆಮನೆ. ಹತ್ತಿರದ ಅಲ್ ಮನಾರ್ ಮಸೀದಿಯ ಕೇಂದ್ರಕ್ಕೆ ಹೋಗಿ, ನಿಮ್ಮ ಒಲೆ ಬಳಸಬಹುದಾ ಎಂದು ಕೇಳಿದರು. ಅವರು ಬೀಗದ ಕೈ ಕೊಟ್ಟರು. ವಾರಕ್ಕೆ ಎರಡು ದಿನ ಎಂದು ಶುರುವಾಯಿತು. ಮೊದಲು ತಮ್ಮ ಮನೆಯವರಿಗೆ ಅಡುಗೆ, ಆಮೇಲೆ ಅಕ್ಕಪಕ್ಕದವರಿಗೆ. ಅದೇ ಮುಂದೆ ಹಬ್ ಕಮ್ಯುನಿಟಿ ಕಿಚನ್ ಆಯಿತು. ಊಟ ಕೊಡುವುದಕ್ಕಿಂತ ಒಲೆ ಕೊಡುವುದು ದೊಡ್ಡದು ಅನ್ನಿಸುವುದು ಇಂಥ ಕಡೆ. ನಿಮಗೆ ಏನು ಬೇಕು ಎಂದು ಕೇಳದೆ ಇದು ಗೊತ್ತಾಗುವುದಿಲ್ಲ.

ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದ ಮೇಲೆ ಹೊರಗಿನ ದೊಡ್ಡ ಸಂಸ್ಥೆಗಳು ಎಷ್ಟೋ ಕಡೆಗೆ ಹೋಗಲಾಗಲಿಲ್ಲ. ಬೀದಿ ಬೀದಿಯ ಹುಡುಗ ಹುಡುಗಿಯರು ತಾವೇ ತುರ್ತು ತಂಡಗಳನ್ನು ಕಟ್ಟಿಕೊಂಡು ಹಂಡೆ ಇಟ್ಟರು. ಹೊರದೇಶದಲ್ಲಿದ್ದ ಬಂಧುಗಳು ಮೊಬೈಲಿನಲ್ಲಿ ದುಡ್ಡು ಕಳಿಸಿದರು. 2025ರ ಶುರುವಿನಲ್ಲಿ ಅಮೆರಿಕ ನೆರವು ನಿಲ್ಲಿಸಿದಾಗ ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಅಡುಗೆಮನೆ ಮುಚ್ಚಿದವು. ಹಂಡೆ ಇತ್ತು, ಬೇಯಿಸುವ ಕೈ ಇತ್ತು, ಕಾಳು ಕೊಳ್ಳಲು ದುಡ್ಡಿರಲಿಲ್ಲ.

ಅಡುಗೆ ಮಾಡುವುದು ಸುರಕ್ಷಿತ ಕೆಲಸ ಎಂದು ನಾವು ಅಂದುಕೊಳ್ಳುತ್ತೇವೆ. 2024ರ ಏಪ್ರಿಲ್ 1ರಂದು ಗಾಜಾದಲ್ಲಿ ವರ್ಲ್ಡ್ ಸೆಂಟ್ರಲ್ ಕಿಚನ್‌ನ ಏಳು ಜನ ಇಸ್ರೇಲಿನ ಡ್ರೋನ್ ದಾಳಿಯಲ್ಲಿ ಸತ್ತರು. ಉಗ್ರಾಣದಲ್ಲಿ ಆಹಾರ ಇಳಿಸಿ ಹೊರಟಿದ್ದರು. ಯಾವ ದಾರಿ ಎಂದು ಸೇನೆಗೆ ಮೊದಲೇ ತಿಳಿಸಿದ್ದರು. ತಪ್ಪಾಯಿತು ಎಂದು ಸೇನೆ ಒಪ್ಪಿಕೊಂಡಿತು. ಸಂಸ್ಥೆ ಕೆಲಸ ನಿಲ್ಲಿಸಿ, ಆ ತಿಂಗಳ ಕೊನೆಗೆ ಮತ್ತೆ ಶುರು ಮಾಡಿತು. ಇದರ ಬಗ್ಗೆ ನನ್ನ ಹತ್ತಿರ ಹೆಚ್ಚು ಮಾತಿಲ್ಲ.

ಇಷ್ಟಕ್ಕೆ ನನ್ನ ಮಾತು ನಿಲ್ಲಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ.

*

“ಮೇಡಂ, ಹೋಟೆಲುಗಳಲ್ಲಿ ದಿನಾ ಇಷ್ಟೊಂದು ಊಟ ಉಳಿಯುತ್ತದೆ. ಅದನ್ನೇ ಹಂಚಿದರೆ ಸಾಕಲ್ವಾ?”

ಮಾಮೂಲಿ ದಿನಗಳಲ್ಲಿ ಖಂಡಿತ ಹಂಚಬೇಕು. 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಜಾನ್ ವಾನ್ ಹೆಂಗೆಲ್ ಎಂಬುವರು ಮೊದಲ ಫುಡ್ ಬ್ಯಾಂಕ್ ಶುರು ಮಾಡಿದ್ದೇ ಅಂಗಡಿಗಳು ಎಸೆಯುತ್ತಿದ್ದ ಒಳ್ಳೆಯ ಆಹಾರವನ್ನು ನೋಡಿ. ಆದರೆ ಉಳಿದ ಊಟಕ್ಕೆ ಒಂದು ಗುಣ ಇದೆ. ಎಲ್ಲರೂ ಚೆನ್ನಾಗಿರುವಾಗ ಮಾತ್ರ ಅದು ಉಳಿಯುತ್ತದೆ. ಪ್ರವಾಹ ಬಂದ ದಿನ ಹೋಟೆಲಿನಲ್ಲಿ ಏನೂ ಉಳಿಯುವುದಿಲ್ಲ. ನಿನ್ನೆ 200, ಇವತ್ತು 30, ನಾಳೆ ಸೊನ್ನೆ ಎಂದರೆ ಸಾಲಿನ ಕೊನೆಯಲ್ಲಿ ನಿಂತವರಿಗೆ ಏನು ಹೇಳುವುದು? ಇನ್ನೊಂದು, ಉಳಿದದ್ದು ಎಷ್ಟು ಹೊತ್ತಿನಿಂದ ಹೊರಗಿದೆ ಎಂದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ನನ್ನ ಹುಳಿ ಡಬ್ಬಿಗಳನ್ನು ನೆನಪಿಸಿಕೊಳ್ಳಿ.

“ಯಾವಾಗ ನಿಲ್ಲಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ?”

ಇದು ಕಷ್ಟದ ಪ್ರಶ್ನೆ. ಐರ್ಲೆಂಡಿನಲ್ಲಿ 1847ರ ಜುಲೈ ಹೊತ್ತಿಗೆ ದಿನಕ್ಕೆ ಮೂವತ್ತು ಲಕ್ಷ ಜನಕ್ಕೆ ಸೂಪು ಹೋಗುತ್ತಿತ್ತು. ಆ ಕಾಲಕ್ಕೆ ಅದು ನಂಬಲಾಗದ ಕೆಲಸ. ಆ ವರ್ಷ ಆಲೂಗಡ್ಡೆಗೆ ರೋಗ ಬರಲಿಲ್ಲ. ಸರಿ, ಬರ ಮುಗಿಯಿತು ಎಂದು ಶರತ್ಕಾಲ ಬರುವ ಹೊತ್ತಿಗೆ ಹಂಡೆಗಳನ್ನು ಇಳಿಸಿಬಿಟ್ಟರು. ಬೆಳೆ ಚೆನ್ನಾಗಿತ್ತು, ನಿಜ. ಆದರೆ ಬಿತ್ತನೆ ಗಡ್ಡೆಯನ್ನೂ ತಿಂದು ಮುಗಿಸಿದ್ದರಿಂದ ಬಿತ್ತಿದ್ದೇ ಕಡಿಮೆ. ಆಮೇಲೂ ವರ್ಷಗಟ್ಟಲೆ ಜನ ಸತ್ತರು. ಮೇಲಿನಿಂದ ಲೆಕ್ಕ ನೋಡಿ ನಿಲ್ಲಿಸಿದರೆ ಹೀಗಾಗುತ್ತದೆ.

ನಾನು ಕೆಲಸ ಮಾಡಿದ ಅಡುಗೆಮನೆಯಲ್ಲಿ ಗೋಡೆಗೆ ಒಂದು ಹಲಗೆ ಇತ್ತು. ಯಾವ ಬೀದಿ, ಎಷ್ಟು ಊಟ ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆವು. ಐದನೇ ವಾರದಲ್ಲಿ ಒಬ್ಬ ಹೆಂಗಸು ತೊಳೆದ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ನಾಳೆಯಿಂದ ನಮ್ಮ ಮನೆಗೆ ಬೇಡ, ಒಲೆ ಹತ್ತಿಸಿದೆ ಎಂದರು. ಹೋಗುವ ಮುಂಚೆ ಹಿರಿಯ ಅಡುಗೆಯವರನ್ನು ಹೊರಗೆ ಕರೆದು, ನಿಮ್ಮ ಸಾರಿಗೆ ಹುಳಿ ಸ್ವಲ್ಪ ಜಾಸ್ತಿ ಆಗುತ್ತದೆ, ಮೊದಲ ದಿನದಿಂದ ಹೇಳಬೇಕು ಅಂದುಕೊಂಡಿದ್ದೆ ಎಂದು ಹೇಳಿದರು. ಅವರು ಒಳಗೆ ಬಂದು ಹಲಗೆಯಲ್ಲಿ ನಾಲ್ಕು ಊಟ ಕಡಿಮೆ ಮಾಡಿದರು. ಮಾರನೇ ದಿನ ಹುಳಿಯನ್ನೂ.